ವಿಷಯ ಸಂಖ್ಯೆ ಹನ್ನೊಂದು

ಇಷ್ಟಕ್ಕೆಲ್ಲ ಕಾರಣ ಒಂದು ಪ್ರಶ್ನೆ. "ನಿಮ್ಮ ಕೆಲಸ ಏನು ಸಾರ್?" ಎಂದು ಆ ಹುಡುಗಿ ಕೇಳಿದಳು. ನಡಾವಳಿ ನಿಜ ಹೇಳಿಬಿಟ್ಟ.

ನಡಾವಳಿ ಎಂಬುದು ಅವನ ಹೆಸರಲ್ಲ. ಪುರಸಭೆಯಲ್ಲಿ ಹದಿನೇಳು ವರ್ಷ ಸಭಾ ಸಹಾಯಕನಾಗಿ ಕೂತು, ಸಭೆಗಳ ನಡಾವಳಿ ಬರೆದೂ ಬರೆದೂ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕೋಪ ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ಆ ಹುಡುಗಿ ಪುರಸಭೆಯ ಮಾಸಪತ್ರಿಕೆಗೆ ಹೊಸದಾಗಿ ಸೇರಿದವಳು. ಪತ್ರಿಕೆಯಲ್ಲಿ 'ನಮ್ಮವರ ಪರಿಚಯ' ಅಂತ ಒಂದು ಅಂಕಣ. ಹಿಂದಿನ ತಿಂಗಳು ನೀರಿನ ಟ್ಯಾಂಕಿನವನದಾಗಿತ್ತು, ಅದರ ಹಿಂದಿನ ತಿಂಗಳು ನಾಯಿ ಹಿಡಿಯುವವನದು. ಈ ತಿಂಗಳು ಬೇರೆ ಯಾರೂ ಸಿಗಲಿಲ್ಲ.

ಹದಿನೇಳು ವರ್ಷದಲ್ಲಿ ಅವನ ಕೆಲಸ ಏನೆಂದು ಕೇಳಿದ ಮೊದಲ ವ್ಯಕ್ತಿ ಅವಳೇ. ಹೆಣ್ಣು ಕೊಡುವಾಗ ಮಾವನವರು ಕೂಡ "ಆಫೀಸು ಅಲ್ವಾ, ಸಾಕು" ಅಂದು ಸುಮ್ಮನಾಗಿದ್ದರು. ನಡಾವಳಿ ಕನ್ನಡಕ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಶುರು ಮಾಡಿದ.

"ಸದಸ್ಯರು ಸಭೇಲಿ ಕೇಳೋ ಪ್ರಶ್ನೆ ಬರೆದುಕೊಡೋದು ನಾನು. ಹಸಿರು ಚೀಟಿ. ಅಧ್ಯಕ್ಷರು ಅದಕ್ಕೆ ಹೇಳೋ ಉತ್ತರ ಬರೆದುಕೊಡೋದೂ ನಾನೇ. ಬಿಳಿ ಚೀಟಿ."

"ಸಭೆ ಮುಗಿದ ಮೇಲೆ ನಡಾವಳಿ ಬರೀತೀರಾ ಸಾರ್?"

"ಮುಗಿದ ಮೇಲೆ ಬರೆದ್ರೆ ತಡ ಆಗುತ್ತಮ್ಮ. ಹಿಂದಿನ ದಿನವೇ ಬರೆದಿಡ್ತೀನಿ. 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಅಂತ. ಇಲ್ಲೀವರೆಗೆ ಒಂದೂ ತಪ್ಪಾಗಿಲ್ಲ."

"ನಿಮಗೆ ಏನಾದ್ರೂ ಆಸೆ ಇದೆಯಾ ಸಾರ್?"

ನಡಾವಳಿ ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿಕೊಂಡ. "ಠರಾವು ಅಂದ್ರೆ ಒಣಒಣ ಇರುತ್ತೆ. ಅದಕ್ಕೆ ಪ್ರತಿಯೊಂದ್ರಲ್ಲೂ ಒಂದಾದ್ರೂ ಚೆಂದದ ವಾಕ್ಯ ಇಡ್ತೀನಿ. ಎಲ್ಲರೂ ಸಹಿ ಹಾಕ್ತಾರೆ, ಒಬ್ಬರೂ ಓದಲ್ಲ. ಯಾರಾದ್ರೂ ಒಬ್ಬರು, ಒಂದೇ ಒಂದು ಸಲ ಓದಿದ್ರೆ ಸಾಕಿತ್ತು."

ಪತ್ರಿಕೆಯ ಕರಡು ತಿದ್ದುವುದೂ ಅವನ ಕೆಲಸವೇ. ತನ್ನ ಪರಿಚಯವನ್ನು ತಾನೇ ಮೂರು ಸಲ ಓದಿ, ಒಂದು ಅಲ್ಪವಿರಾಮ ಸೇರಿಸಿ, 'ಸರಿ' ಎಂದು ಬರೆದು ಅಚ್ಚಿಗೆ ಕಳಿಸಿದ. ಅವನಿಗೆ ಎರಡು ಧೈರ್ಯವಿತ್ತು. ಆ ಪತ್ರಿಕೆಯನ್ನು ಊರಿನಲ್ಲಿ ಯಾರೂ ಓದುವುದಿಲ್ಲ, ಬೀರುವಿನ ಖಾನೆಗೆ ಹಾಸುತ್ತಾರೆ. ಅಲ್ಲದೆ ಅಚ್ಚಿನವನು ಯಾವತ್ತೂ ಒಂದು ವಾರ ತಡ. ಅಷ್ಟರೊಳಗೆ ಸಭೆ ಮುಗಿದು ವಿಷಯ ಸಂಖ್ಯೆ ಹನ್ನೊಂದು ಪಾಸಾಗಿರುತ್ತದೆ.

ವಿಷಯ ಸಂಖ್ಯೆ ಹನ್ನೊಂದು ಏನೆಂದರೆ, ಸಭಾ ಸಹಾಯಕನ ಹುದ್ದೆಯನ್ನು ಖಾಯಂ ಮಾಡುವುದು.

ಹದಿನೇಳು ವರ್ಷವಾದರೂ ನಡಾವಳಿ ತಾತ್ಕಾಲಿಕ. ಹನ್ನೊಂದು ತಿಂಗಳಿಗೊಮ್ಮೆ ಅವನನ್ನು ಕೆಲಸದಿಂದ ತೆಗೆದು, ಒಂದು ದಿನ ಮನೆಯಲ್ಲಿ ಕೂರಿಸಿ, ಮರುದಿನ ಹೊಸಬನಂತೆ ಸೇರಿಸಿಕೊಳ್ಳುತ್ತಿದ್ದರು. ತೆಗೆಯುವ ಆದೇಶವನ್ನೂ ಸೇರಿಸಿಕೊಳ್ಳುವ ಆದೇಶವನ್ನೂ ಅವನೇ ಬರೆಯಬೇಕು. ಆ ಒಂದು ದಿನ ಹೆಂಡತಿ ಅವನನ್ನು ಹೊರಗೆ ಬಿಡುತ್ತಿರಲಿಲ್ಲ, ಯಾರಾದರೂ ಕೇಳಿಯಾರೆಂದು. ಹೋದ ಸಲ ಆ ದಿನವೇ ಮಗಳ ಶಾಲೆಯಲ್ಲಿ ಫಾರಂ ತುಂಬಿಸಿಕೊಂಡರು. 'ತಂದೆಯ ಉದ್ಯೋಗ' ಎಂಬಲ್ಲಿ ಮಗಳು ಪ್ರಾಮಾಣಿಕವಾಗಿ 'ಇಲ್ಲ' ಎಂದು ಬರೆದು ಬಂದಳು. ಅವತ್ತು ರಾತ್ರಿ ಹೆಂಡತಿ ಊಟ ಮಾಡಲಿಲ್ಲ. ಮರುದಿನದಿಂದ ನಡಾವಳಿ ಹತ್ತು ತಿಂಗಳು ಅಧ್ಯಕ್ಷರ ಹಿಂದೆ ಮುಂದೆ ಓಡಾಡಿ, ಕೊನೆಗೆ ಆ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿದ್ದ. ಈ ತಿಂಗಳ ಕೊನೆಗೆ ಅವನ ಹನ್ನೊಂದು ತಿಂಗಳು ಮತ್ತೆ ಮುಗಿಯುತ್ತಿತ್ತು.

ಸಭೆಯ ದಿನ ಬೆಳಿಗ್ಗೆ ಏಳಕ್ಕೆ, ಜೀವಮಾನದಲ್ಲಿ ಮೊದಲ ಬಾರಿ, ಅಚ್ಚಿನವನು ಹೇಳಿದ ದಿನಕ್ಕೆ ಪತ್ರಿಕೆ ಕೊಟ್ಟುಬಿಟ್ಟಿದ್ದ.

"ರೀ, ಏನ್ರೀ ಇದು?" ಹೆಂಡತಿ ಬಾಗಿಲಲ್ಲೇ ನಿಂತು ಪತ್ರಿಕೆ ಬಿಡಿಸಿದಳು. ನಡುಪುಟದಲ್ಲಿ ನಡಾವಳಿಯ ಫೋಟೊ. ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು. "ಪ್ರಶ್ನೇನೂ ನಾನೇ ಬರೀತೀನಿ, ಉತ್ತರಾನೂ ನಾನೇ ಬರೀತೀನಿ ಅಂದಿದ್ದೀರಾ?"

"ಅಂದೆ. ಹೌದಲ್ಲ?"

"ಹೌದೋ ಅಲ್ವೋ ಯಾರ್ರೀ ಕೇಳಿದ್ರು! ಇವತ್ತೇ ಅಲ್ವಾ ಸಭೆ?"

"ಯಾರೂ ಓದಲ್ಲ ಬಿಡೆ."

"ಓದಲ್ಲ, ಆದ್ರೆ ಫೋಟೊ ನೋಡ್ತಾರೆ. ಪಕ್ಕದ ಮನೆಯವರ ಫೋಟೊ ಬಂದ್ರೆ, ಕೆಳಗೆ ಏನಿದೆ ಅಂತಾನೂ ನೋಡ್ತಾರೆ."

ಅವಳ ಮಾತು ಮುಗಿಯುವ ಮೊದಲೇ ಪಕ್ಕದ ಮನೆಯ ಮೇಷ್ಟ್ರು ಗೇಟಿನ ಬಳಿ ಪ್ರತ್ಯಕ್ಷರಾದರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಅವರ ಕೈಯಲ್ಲಿ ಕೆಂಪು ಪೆನ್ನು ಇದ್ದೇ ಇರುತ್ತಿತ್ತು. ಪತ್ರಿಕೆಯ ಮೇಲೆ ನಾಲ್ಕು ಕಡೆ ಗೆರೆ ಎಳೆದಿದ್ದರು.

"ಏನಪ್ಪಾ, ಪಾರ್ಕಿನ ಗೇಟು ಸಂಜೆ ಐದಕ್ಕೇ ಮುಚ್ಚಬೇಕು ಅಂತ ಠರಾವು ಆಯ್ತಲ್ಲ, ಅದು ಬರೆದಿದ್ದು ಯಾರು?"

"ಅದು ಸಭೆ ಮಾಡಿದ ತೀರ್ಮಾನ ಮೇಷ್ಟ್ರೇ."

"ತೀರ್ಮಾನ ಯಾರದಾದ್ರೂ ಆಗಲಿ. ಬರೆದಿದ್ದು ಯಾರು?"

ನಡಾವಳಿ ನೆಲ ನೋಡಿದ. ಬರೆದದ್ದು ಅವನೇ. 'ಸಂಧ್ಯೆಗೆ ಗಿಡಮರಗಳಿಗೂ ವಿಶ್ರಾಂತಿ ಬೇಕಷ್ಟೆ' ಎಂಬ ವಾಕ್ಯವನ್ನೂ ಸೇರಿಸಿದ್ದ.

"ಎರಡು ವರ್ಷದಿಂದ ಸಂಜೆ ವಾಕಿಂಗಿಗೆ ಜಾಗ ಇಲ್ಲದೆ ರಸ್ತೇಲಿ ಬಸ್ಸಿಗೆ ಹೆದರಿಕೊಂಡು ನಡೀತಿದ್ದೀನಿ. ದಿನಾ ನಿನ್ನ ಮುಖ ನೋಡಿ ನಮಸ್ಕಾರ ಬೇರೆ ಹೇಳ್ತಿದ್ದೆ!"

ಬೀದಿಯ ತುದಿಯಲ್ಲಿ ಅಂಗಡಿಯವನು ಕಾದಿದ್ದ. ಅವನ ಅಂಗಡಿ ಮುಂದಿನ ಬಸ್ ಸ್ಟಾಪನ್ನು ನಾಲ್ಕು ವರ್ಷದ ಹಿಂದೆ ಠರಾವು ಮಾಡಿ ಆಚೆ ಬೀದಿಗೆ ಎತ್ತಿಹಾಕಿದ್ದರು. "ಅವತ್ತಿಂದ ಯಾರ್‍ಯಾರನ್ನೋ ಬೈದುಕೊಂಡು ಓಡಾಡ್ತಿದ್ದೆ," ಎಂದ ಅವನು ಸಂಕಟದಿಂದ. "ಬೈಗುಳವೆಲ್ಲ ತಪ್ಪು ವಿಳಾಸಕ್ಕೆ ಹೋಯ್ತಲ್ಲ!"

"ನಾನು ಬರೀ ಬರೆಯೋನು ಕಣಣ್ಣ."

"ಅದೇ ಅಲ್ವಾ, ಎಲ್ಲಾನೂ ಬರೆಯೋನೇ ನೀನು. ಇವತ್ತು ಸಭೆಗೆ ನಾವೂ ಬರ್ತೀವಿ. ನಿನ್ನ ಪ್ರಶ್ನೆಗೆ ನೀನೇ ಉತ್ತರ ಕೊಡೋದನ್ನ ನೋಡ್ಬೇಕು."

ಮೇಷ್ಟ್ರು ಹಿಂದಿನಿಂದಲೇ "ನಾನೂ ಬಂದೆ, ನಿಲ್ಲು" ಎಂದು ಕೂಗಿದರು. ಪುರಸಭೆಯ ಸಭಾಂಗಣದಲ್ಲಿ ಸಾರ್ವಜನಿಕರಿಗೆಂದು ಮೂರು ಸಾಲು ಬೆಂಚು ಹಾಕಿದ್ದರು. ಹದಿನೇಳು ವರ್ಷದಲ್ಲಿ ಅಲ್ಲಿ ನಿಯಮಿತವಾಗಿ ಕೂತವರು ಯಾರಾದರೂ ಇದ್ದರೆ ಅದು ಒಂದು ಬೆಕ್ಕು ಮಾತ್ರ.

ಕಚೇರಿಯಲ್ಲಿ ಮುಖ್ಯಾಧಿಕಾರಿ ಅವನನ್ನು ಕೂರಲು ಹೇಳಲಿಲ್ಲ. ಅವರು ಎತ್ತರದ ದನಿಯಲ್ಲಿ ಯಾವತ್ತೂ ಮಾತಾಡಿದವರಲ್ಲ. ಜನ ಹೆದರುತ್ತಿದ್ದದ್ದು ಅದಕ್ಕೇ.

"ನಡಾವಳಿ ಹಿಂದಿನ ದಿನವೇ ಬರೀತೀನಿ ಅಂತಾನೂ ಹೇಳಿದ್ದೀರಿ."

"ಹೇಳಿದ್ದೀನಿ ಸಾರ್."

"ಇವತ್ತಿಂದೂ ಬರೆದಾಗಿದೆಯಾ?"

"ಆಗಿದೆ ಸಾರ್."

"ಹನ್ನೊಂದನೇ ವಿಷಯ ಏನಾಗಿದೆ?"

"ಸರ್ವಾನುಮತದಿಂದ ಒಪ್ಪಿದ್ದಾರೆ ಸಾರ್," ಎಂದ ನಡಾವಳಿ, ಸಣ್ಣಗೆ.

"ನೋಡೋಣ," ಎಂದರು ಮುಖ್ಯಾಧಿಕಾರಿ.

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಒಳಗೆ ಬಂದದ್ದು ಮೈಕು. ಧ್ವನಿವರ್ಧಕ ಕೆಟ್ಟ ದಿನವೂ ಇವರ ಭಾಷಣ ಮೂರು ಬೀದಿಗೆ ಕೇಳಿಸುತ್ತಿತ್ತಾದ್ದರಿಂದ ಈ ಸದಸ್ಯರಿಗೆ ಆ ಹೆಸರು. ಕೈಯಲ್ಲಿ ಹಸಿರು ಚೀಟಿ.

"ಏನಯ್ಯಾ, ನನಗೆ ಸ್ವಂತ ಬುದ್ಧಿ ಇಲ್ವಾ? ನನ್ನ ಹೆಂಡ್ತಿ ಬೆಳಿಗ್ಗೆಯಿಂದ ನಗ್ತಾ ಇದ್ದಾಳೆ! 'ಸಿಂಹದ ಥರ ಗರ್ಜಿಸಿದೆ ಅಂತಿದ್ರಲ್ಲ, ಗರ್ಜನೆ ಬರೆದುಕೊಟ್ಟಿದ್ದು ಇವನಾ' ಅಂತಾಳೆ!" ಎಂದವರೇ ಚೀಟಿಯನ್ನು ಎಂಟು ಚೂರು ಮಾಡಿ ಬುಟ್ಟಿಗೆಸೆದರು. "ಇವತ್ತು ನೋಡು. ಎಲ್ಲಾ ಸ್ವಂತದ್ದೇ."

ಅವರ ಹಿಂದೆ ಬಂದ ಅಧ್ಯಕ್ಷರು ತಮ್ಮ ಬಿಳಿ ಚೀಟಿಗಳ ಕಟ್ಟನ್ನು ಜೇಬಿನಿಂದ ತೆಗೆದು, ಅದೇ ಬುಟ್ಟಿಗೆ ನಿಧಾನವಾಗಿ ಹಾಕಿದರು. ಹೊರಡುವಾಗ ತಿರುಗಿ ನಿಂತರು. "ಹನ್ನೊಂದನೇ ವಿಷಯಕ್ಕೆ ನಾನೇ ಬೆಂಬಲ ಕೊಡಬೇಕು ಅಂತಿದ್ದೆ ಕಣಯ್ಯ. ಹಾಳು ಮಾಡ್ಕೊಂಡೆ."

ಹದಿನೇಳು ವರ್ಷ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರಿಗೆ ತಾಗದಂತೆ ಕಾಪಾಡಿದ ಮನುಷ್ಯ, ಯಾರೋ ಒಬ್ಬಳು 'ಸಾರ್' ಅಂದದ್ದಕ್ಕೆ ಎಲ್ಲರದನ್ನೂ ಒಟ್ಟಿಗೆ ಹರಾಜು ಹಾಕಿಬಿಟ್ಟಿದ್ದ.

ಹನ್ನೊಂದಕ್ಕೆ ಸಭೆ ಸೇರಿತು. ಮೂರೂ ಬೆಂಚು ತುಂಬಿ, ಬೆಕ್ಕು ಜಾಗವಿಲ್ಲದೆ ಕಿಟಕಿ ಹತ್ತಿತ್ತು. ಮೇಷ್ಟ್ರು, ಅಂಗಡಿಯವನು, ಅವನ ಗಿರಾಕಿಗಳು, ಪತ್ರಿಕೆಯ ಹುಡುಗಿ. ಗಾಬರಿಯಲ್ಲಿ ಗಂಡ ಮರೆತು ಬಂದಿದ್ದ ಕನ್ನಡಕ ಕೊಡಲು ಬಂದ ಹೆಂಡತಿಯೂ ಒಂದು ಮೂಲೆಯಲ್ಲಿ ಕೂತಳು.

ಮೈಕು ಎದ್ದರು. "ಅಧ್ಯಕ್ಷರೇ! ನನ್ನ ವಾರ್ಡಿನಲ್ಲಿ ಬೀದಿದೀಪ ಹಗಲು ಉರೀತದೆ, ರಾತ್ರಿ ಆರ್ತದೆ! ಇದಕ್ಕೆ..." ಎಂದು ಅಭ್ಯಾಸಬಲದಿಂದ ಅಂಗೈ ನೋಡಿಕೊಂಡರು. ಅಂಗೈ ಖಾಲಿ. "ಇದಕ್ಕೆ... ಏನು ಹೇಳ್ತೀರಿ?"

ಅಧ್ಯಕ್ಷರೂ ಅಂಗೈ ನೋಡಿಕೊಂಡರು. "ನಾಚಿಕೆಗೇಡು!" ಎಂದರು.

"ಹೌದು, ನಾಚಿಕೆಗೇಡು! ಯಾರು ಇದಕ್ಕೆ ಹೊಣೆ?"

"ಅದನ್ನೇ ನಾನೂ ಕೇಳ್ತೀನಿ. ಯಾರು ಹೊಣೆ?"

"ಪುರಸಭೆ ಅಧ್ಯಕ್ಷರು ಹೊಣೆ!" ಎಂದರು ಮೈಕು.

"ಅವರಿಗಿಂತ ಮೊದಲು ಬೀದಿದೀಪ ಸಮಿತಿಯವರು ಹೊಣೆ!" ಎಂದರು ಅಧ್ಯಕ್ಷರು. ಬೀದಿದೀಪ ಸಮಿತಿಯ ಮುಖ್ಯಸ್ಥರು ಮೈಕು.

ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗದ ಇನ್ನೊಬ್ಬ ಸದಸ್ಯರು ಎದ್ದು, ಹೊಣೆಗಾರರಾದ ಇಬ್ಬರನ್ನೂ ಸಭೆ ಖಂಡಿಸಬೇಕೆಂದು ಸೂಚಿಸಿದರು. ಅಧ್ಯಕ್ಷರು ಎಂದಿನಂತೆ "ಪರವಾಗಿರೋರು ಕೈ ಎತ್ತಿ" ಎಂದರು. ಎಲ್ಲರೂ ಎಂದಿನಂತೆ ಕೈ ಎತ್ತಿದರು. ಮೈಕು ಎತ್ತಿದರು, ಅಧ್ಯಕ್ಷರೂ ಎತ್ತಿದರು. ಬೆಂಚುಗಳಲ್ಲಿ ನಗು ಸ್ಫೋಟಿಸಿತು.

"ಹತ್ತು ವರ್ಷದಲ್ಲಿ ಇದೊಂದೇ ಸರಿಯಾದ ಠರಾವು," ಎಂದರು ಮೇಷ್ಟ್ರು, ಎಲ್ಲರಿಗೂ ಕೇಳಿಸುವಂತೆ.

ಅಧ್ಯಕ್ಷರು ಬೆವರು ಒರೆಸಿಕೊಂಡು ಚಹಾ ವಿರಾಮ ಘೋಷಿಸಿದರು. ಸಭೆ ಶುರುವಾಗಿ ಹನ್ನೆರಡು ನಿಮಿಷವಾಗಿತ್ತು.

ಆ ವಿರಾಮದಲ್ಲಿ ಯಾರೂ ಚಹಾ ಕುಡಿಯಲಿಲ್ಲ. ಅಧ್ಯಕ್ಷರು, ಮೈಕು, ನಡಾವಳಿ, ಮೂವರೂ ಕಸದ ಬುಟ್ಟಿಯ ಸುತ್ತ ಮಂಡಿಯೂರಿ ಕೂತರು. ಹಸಿರು ಚೂರು ಒಂದು ಕಡೆ, ಬಿಳಿ ಕಟ್ಟು ಇನ್ನೊಂದು ಕಡೆ. ನಡಾವಳಿ ಗೋಂದು ಹಚ್ಚಿದ, ಮೈಕು ಊದಿ ಊದಿ ಒಣಗಿಸಿದರು. ಸ್ವಂತ ಬುದ್ಧಿಯ ಮಾತನ್ನು ಯಾರೂ ಎತ್ತಲಿಲ್ಲ.

ಆಮೇಲೆ ಸಭೆ ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ನಡೆಯಿತು. ಮೈಕು ಗರ್ಜಿಸಿದರು, ಅಧ್ಯಕ್ಷರು ವಿನಯದಿಂದ ಉತ್ತರಿಸಿದರು. ಬೆಂಚಿನವರಿಗೂ ಬೇಸರವಾಗಿ ಆಕಳಿಕೆ ಬಂತು. ವಿಷಯ ಸಂಖ್ಯೆ ಹತ್ತು ಮುಗಿದಾಗ ಅಧ್ಯಕ್ಷರು ಕೈಯಲ್ಲಿದ್ದ ಚೀಟಿ ಕೆಳಗಿಟ್ಟರು.

"ಹನ್ನೊಂದು. ಇದಕ್ಕೆ ನನಗೆ ಚೀಟಿ ಬೇಡ," ಎಂದರು. "ಇವನಿಲ್ಲದೆ ನಮಗೆ ನಡೆಯಲ್ಲ ಅಂತ ಇವತ್ತು ಊರಿಗೇ ಗೊತ್ತಾಗಿದೆ. ಮುಚ್ಚಿಡೋಕೆ ಇನ್ನೇನಿದೆ? ಸಭಾ ಸಹಾಯಕನ ಹುದ್ದೆ ಖಾಯಂ ಮಾಡೋಣ. ಪರವಾಗಿರೋರು?"

ಎಲ್ಲಾ ಕೈಗಳೂ ಎದ್ದವು. ಮೇಜು ಗುದ್ದಿದ ಸದ್ದಿಗೆ ಬೆಕ್ಕು ಕಿಟಕಿಯಿಂದ ಹಾರಿತು. ಬಸ್ ಸ್ಟಾಪು ಮರೆತು ಅಂಗಡಿಯವನೂ ಚಪ್ಪಾಳೆ ತಟ್ಟಿದ. ಮೂಲೆಯಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ನಡಾವಳಿ ಅದನ್ನು ನೋಡಿದ. ಮಗಳ ಶಾಲೆಯ ಫಾರಮ್ಮು ಕಣ್ಣಮುಂದೆ ಬಂತು, ಆ 'ಇಲ್ಲ' ಎಂಬುದು ಅಳಿಸಿಹೋದಂತೆ ಕಂಡಿತು. ಅವನಿಗೆ ಅಳು ಬಂತು, ಅಳಲಿಲ್ಲ.

ಆಗ ಕೊನೆಯ ಸಾಲಿನಲ್ಲಿ ಮೌನಮ್ಮ ಎದ್ದು ನಿಂತರು.

ನಾಲ್ಕು ವರ್ಷದ ಸದಸ್ಯತ್ವದಲ್ಲಿ ಒಂದು ಮಾತೂ ಆಡದ ಹೆಂಗಸು. ಅವರಿಗೆಂದು ನಡಾವಳಿ ಹಸಿರು ಚೀಟಿ ಬರೆಯುವುದನ್ನೇ ಬಿಟ್ಟಿದ್ದ. ಪ್ರತಿ ತಿಂಗಳು ದಾಖಲೆ ಕೋಣೆಯಿಂದ ಹಳೆಯ ನಡಾವಳಿಯ ದಪ್ಪ ಸಂಪುಟವೊಂದನ್ನು ಮನೆಗೆ ಒಯ್ಯುತ್ತಿದ್ದರು. ಮೊಮ್ಮಗುವನ್ನು ಕುರ್ಚಿಯಲ್ಲಿ ಎತ್ತರಕ್ಕೆ ಕೂರಿಸಲು ಇರಬೇಕು ಎಂದು ಅವನು ಅಂದುಕೊಂಡಿದ್ದ. ಈಗಲೂ ಅವರ ಕೈಯಲ್ಲಿ ಒಂದು ಸಂಪುಟವಿತ್ತು.

"ಅಧ್ಯಕ್ಷರೇ, ಒಂದೇ ಒಂದು ಮಾತು," ಎಂದರು. ಸಭೆಗೆ ಸಭೆಯೇ ತಿರುಗಿ ನೋಡಿತು. "ಇವರು ಬರೆದಿದ್ದನ್ನ ಯಾರೂ ಓದಲ್ಲ ಅಂತ ಪತ್ರಿಕೇಲಿ ಓದಿ ಹೊಟ್ಟೆ ಉರೀತು ನನಗೆ. ನಾನು ಓದ್ತೀನಪ್ಪ. ನಾಲ್ಕು ವರ್ಷದಿಂದ ಒಂದೊಂದು ಪುಟಾನೂ ಓದಿದ್ದೀನಿ. ಎಷ್ಟು ಚೆಂದ ಬರೀತಾರೆ ಅಂತೀರಿ! ನನಗೆ ತುಂಬಾ ಇಷ್ಟವಾದದ್ದು ಒಂದಿದೆ, ಓದಲಾ?"

"ಓದೀಮ್ಮ, ಓದಿ," ಎಂದರು ಅಧ್ಯಕ್ಷರು, ಸಂತೋಷದಿಂದ.

ನಡಾವಳಿಯ ಎದೆ ತುಂಬಿ ಬಂತು. ಹದಿನೇಳು ವರ್ಷ ಕಾದದ್ದು ಈ ಗಳಿಗೆಗೆ. ಮೌನಮ್ಮ ಬೆರಳಿಟ್ಟಿದ್ದ ಪುಟ ಬಿಡಿಸಿ, ಪದ್ಯ ಓದುವಂತೆ ನಿಧಾನವಾಗಿ ಓದಿದರು:

"'ಪುರಸೇವೆಗೆ ಬೇಕಾದುದು ಎಳೆಯ ಚಿಗುರೇ ಹೊರತು ಒಣಗಿದ ಕೊಂಬೆಯಲ್ಲ. ಆದುದರಿಂದ ಯಾವುದೇ ಖಾಯಂ ಹುದ್ದೆಯನ್ನು ಬಹಿರಂಗ ಪರೀಕ್ಷೆಯ ಮೂಲಕವೇ ತುಂಬತಕ್ಕದ್ದು. ಮೂವತ್ತೈದು ವರ್ಷ ಮೀರಿದವರನ್ನು, ಅವರು ಎಷ್ಟೇ ಕಾಲ ತಾತ್ಕಾಲಿಕವಾಗಿ ದುಡಿದಿದ್ದರೂ, ಪರಿಗಣಿಸತಕ್ಕದ್ದಲ್ಲ.' ಚಿಗುರು, ಕೊಂಬೆ! ಸರ್ಕಾರಿ ಕಾಗದದಲ್ಲಿ ಹೀಗೆ ಯಾರು ಬರೀತಾರೆ ಹೇಳಿ!" ಎಂದು ಕಣ್ಣರಳಿಸಿ ಕೂತರು.

ಸಭೆ ಚಪ್ಪಾಳೆ ತಟ್ಟಿತು. ತಟ್ಟದವರು ಇಬ್ಬರೇ. ಒಬ್ಬರು ಮುಖ್ಯಾಧಿಕಾರಿ, ಇನ್ನೊಬ್ಬ ನಡಾವಳಿ.

ಒಂಬತ್ತು ವರ್ಷದ ಹಿಂದಿನ ಮಾತು. ಆಗಿನ ಅಧ್ಯಕ್ಷರಿಗೆ ವಿರೋಧಿಯ ಬಾಮೈದನೊಬ್ಬ ಖಾಯಂ ಆಗುವುದು ಬೇಕಿರಲಿಲ್ಲ. ಅವನೂ ತಾತ್ಕಾಲಿಕ, ವಯಸ್ಸು ಮೂವತ್ತಾರು. "ಗಟ್ಟಿಯಾಗಿ ಬರಿ, ನುಸುಳೋಕೆ ಜಾಗ ಇರಬಾರದು" ಎಂದಿದ್ದರು. ನಡಾವಳಿ ಗಟ್ಟಿಯಾಗಿಯೇ ಬರೆದಿದ್ದ. ಆಗ ಅವನಿಗೇ ಮೂವತ್ತೇಳು ಎಂಬುದು ಚಿಗುರು ಕೊಂಬೆ ಹುಡುಕುವ ಸಂಭ್ರಮದಲ್ಲಿ ತಲೆಗೆ ಹೊಳೆದಿರಲಿಲ್ಲ. ಎಲ್ಲರೂ ಸಹಿ ಹಾಕಿದರು, ಯಾರೂ ಓದಲಿಲ್ಲ. ಆಮೇಲೆ ಯಾವ ಹುದ್ದೆಯೂ ಖಾಯಂ ಆಗಲಿಲ್ಲವಾದ್ದರಿಂದ ಅವನೂ ಮರೆತ.

"ಆ ಸಂಪುಟ ಒಂದು ನಿಮಿಷ ಕೊಡಿ," ಎಂದರು ಮುಖ್ಯಾಧಿಕಾರಿ, ಮೆಲ್ಲಗೆ. ಪುಟ ನೋಡಿದರು. "ಅಧ್ಯಕ್ಷರೇ, ಈ ಠರಾವು ಈಗಲೂ ಜಾರಿಯಲ್ಲಿದೆಯೇ ಎಂಬುದನ್ನ ಸಭೆಗೆ ತಿಳಿಸಬೇಕಾಗುತ್ತೆ."

ಅಧ್ಯಕ್ಷರಿಗೆ ತಲೆಬುಡ ಗೊತ್ತಾಗಲಿಲ್ಲ. ಗೊತ್ತಾಗದಾಗ ಎಂದೂ ಮಾಡುವಂತೆ ಪಕ್ಕಕ್ಕೆ ಕೈ ಚಾಚಿದರು, ಬಿಳಿ ಚೀಟಿಗಾಗಿ.

ನಡಾವಳಿ ಪೆನ್ನು ಹಿಡಿದ. 'ರದ್ದಾಗಿದೆ' ಎಂದು ಬರೆದರೆ ಅಧ್ಯಕ್ಷರು ಹಾಗೆಯೇ ಓದುತ್ತಾರೆ. ಆದರೆ ಸಂಪುಟ ಮುಖ್ಯಾಧಿಕಾರಿಯ ಕೈಯಲ್ಲಿತ್ತು, ಅವರ ಕಣ್ಣು ಇವನ ಪೆನ್ನಿನ ಮೇಲಿತ್ತು. ಹದಿನೇಳು ವರ್ಷ ಪಳಗಿದ ಕೈ ತನ್ನಷ್ಟಕ್ಕೆ ಬರೆದು ಮುಗಿಸಿತು. ಅಧ್ಯಕ್ಷರು ಎದ್ದು ಸ್ಪಷ್ಟವಾಗಿ ಓದಿದರು:

"'ಸದರಿ ಠರಾವು ಇಂದಿಗೂ ಜಾರಿಯಲ್ಲಿದೆ ಎಂದು ಸಭೆಗೆ ತಿಳಿಸಲು ಹರ್ಷಿಸುತ್ತೇನೆ.'"

ಓದಿದ ಮೇಲೆ ಅವರಿಗೆ ಅರ್ಥವಾಯಿತು. ಹರ್ಷ ಅಲ್ಲೇ ಇಳಿಯಿತು.

"ಅದನ್ನ ರದ್ದು ಮಾಡಿ ಸ್ವಾಮಿ!" ಎಂದು ಅಂಗಡಿಯವನು ಬೆಂಚಿನಿಂದ ಕೂಗಿದ.

"ಯಾವ ಠರಾವು ರದ್ದು ಮಾಡೋಕೂ, ಅದು ಇವತ್ತಿಂದೇ ಆಗಿರಲಿ, ಒಂದು ತಿಂಗಳ ನೋಟಿಸು ಬೇಕು," ಎಂದರು ಮುಖ್ಯಾಧಿಕಾರಿ. "ಅದೂ ಒಂದು ಠರಾವೇ. ಅದನ್ನೂ ಇವರೇ ಬರೆದಿದ್ದು. ಖಾಯಂ ಹುದ್ದೆಯಲ್ಲಿ ಇನ್ನು ತಾತ್ಕಾಲಿಕರನ್ನ ಇಟ್ಟುಕೊಳ್ಳೋ ಹಾಗಿಲ್ಲ. ಇವರ ಅವಧಿ ಈ ಮೂವತ್ತಕ್ಕೆ ಮುಗಿಯುತ್ತೆ."

ಮೌನಮ್ಮ ಬಾಯಿಗೆ ಕೈ ಇಟ್ಟುಕೊಂಡಿದ್ದರು. ಅವರು ಮತ್ತೆಂದೂ ಸಭೆಯಲ್ಲಿ ಮಾತಾಡಲಿಲ್ಲ.

ಸಂಜೆ ನಾಲ್ಕಕ್ಕೆ ನಡಾವಳಿ ತನ್ನ ಮೇಜಿನಲ್ಲಿ ಕೂತು, ಹಿಂದಿನ ದಿನ ಬರೆದಿಟ್ಟಿದ್ದ ನಡಾವಳಿ ತೆಗೆದ. 'ವಿಷಯ ಹನ್ನೊಂದು: ಸಭಾ ಸಹಾಯಕನ ಹುದ್ದೆಯನ್ನು ಖಾಯಂಗೊಳಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಒಂದಕ್ಷರವನ್ನೂ ತಿದ್ದಬೇಕಾಗಿ ಬರಲಿಲ್ಲ. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಅಧ್ಯಕ್ಷರು ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. "ಬೇಜಾರು ಮಾಡ್ಕೋಬೇಡ ಕಣಯ್ಯ. ನಿನ್ನನ್ನ ಮರೆಯೋಕಾಗುತ್ತಾ? ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬೇಕಲ್ಲ, ನಿನ್ನ ಬಿಟ್ಟು ಯಾರಿಗೆ ಗೊತ್ತು ಈ ಕೆಲಸ? ಹೋಗೋದ್ರೊಳಗೆ ಬರೆದುಕೊಡು. ಹಾಗೇ ಉತ್ತರಾನೂ ಬರೆದಿಡು, ತಿದ್ದೋರಿಗೆ ಸುಲಭ ಆಗುತ್ತೆ."

ಅವರು ಹೋದ ಮೇಲೆ ಪತ್ರಿಕೆಯ ಹುಡುಗಿ ಬಾಗಿಲಲ್ಲಿ ಇಣುಕಿದಳು. ಅತ್ತಿದ್ದಳೋ ಏನೋ, ಕಣ್ಣು ಕೆಂಪಾಗಿತ್ತು.

"ಸಾರಿ ಸಾರ್. ನನ್ನಿಂದಲೇ ಹೀಗಾಯ್ತು."

"ನಿನ್ನದೇನಿಲ್ಲ ಬಿಡಮ್ಮ."

ಅವಳು ಕಣ್ಣೊರೆಸಿಕೊಂಡಳು. "ಸಾರ್... ಅರ್ಜಿ ಫಾರಂ ಯಾವತ್ತಿಂದ ಸಿಗುತ್ತೆ? ನನಗೆ ಇಪ್ಪತ್ನಾಲ್ಕು. ನಿಮ್ಮನ್ನ ಮಾತಾಡಿಸಿದಾಗಲೇ ಈ ಕೆಲಸ ತುಂಬಾ ಚೆನ್ನಾಗಿದೆ ಅನ್ನಿಸಿತ್ತು."

ಸೋಮವಾರದಿಂದ, ಎಂದ ನಡಾವಳಿ. ಆಮೇಲೆ ಹಸಿರು ಹಾಳೆಯೊಂದನ್ನು ಎಳೆದುಕೊಂಡು ಬರೆದ: 'ಪ್ರಶ್ನೆ ಒಂದು: ಸಭಾ ಸಹಾಯಕನ ಮುಖ್ಯ ಕೆಲಸವೇನು? ಹತ್ತು ಅಂಕ.'

ಬಹಳ ಹೊತ್ತು ಆ ಪ್ರಶ್ನೆಯನ್ನೇ ನೋಡುತ್ತ ಕೂತ. ಕೊನೆಗೆ ಬಿಳಿ ಹಾಳೆ ತೆಗೆದು, ಅವನ ಹದಿನೇಳು ವರ್ಷದ ಬರವಣಿಗೆಯಲ್ಲೇ ಅತಿ ಚಿಕ್ಕದಾದ, ಯಾವ ಚೆಂದದ ವಾಕ್ಯವೂ ಇಲ್ಲದ ಉತ್ತರ ಬರೆದ:

'ಬಾಯಿ ಮುಚ್ಚಿಕೊಂಡಿರುವುದು.'